ಒಂದು ಕಾಗದ ಕೊಡಲು ಗಾಂಧೀಜಿಯನ್ನು ಮಂಗಳೂರಿನಿಂದ ದೆಹಲಿಗೆ ಕರೆಸಿದರೇ?

ಓದುಗರ ಪ್ರಶ್ನೆ: ನಾನು ದಕ್ಷಿಣ ಕನ್ನಡದವಳು, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. 1927ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ನಮ್ಮ ಮುತ್ತಜ್ಜ ಸ್ವಯಂಸೇವಕರಾಗಿದ್ದರಂತೆ. ವೈಸರಾಯ್ ಕರೆದರೆಂದು ಗಾಂಧೀಜಿ ಪ್ರವಾಸ ಅರ್ಧಕ್ಕೆ ಬಿಟ್ಟು ದೆಹಲಿಗೆ ಹೋದರು, ಅಲ್ಲಿ ಅವರ ಕೈಗೆ ಒಂದು ಕಾಗದ ಕೊಟ್ಟು ಕಳಿಸಿದರು ಎಂದು ಅಜ್ಜಿ ಹೇಳುತ್ತಿದ್ದರು. ಇದು ನಿಜವೇ? ಸೈಮನ್ ಆಯೋಗದ ಭೇಟಿಯನ್ನು ಸರ್ಕಾರ ಪತ್ರಿಕೆಗಳಿಗೆ ಹೇಗೆ ತಿಳಿಸಿತು ಎಂಬ ಬಗ್ಗೆ ಸೆಮಿನಾರ್ ಪ್ರಬಂಧ ಬರೆಯಬೇಕೆಂದಿದ್ದೇನೆ. ಆಗ ಪತ್ರಿಕೆಗಳೆಲ್ಲ ಬ್ರಿಟಿಷರ ಮುಷ್ಟಿಯಲ್ಲಿದ್ದವು, ಸರ್ಕಾರಿ ಪ್ರಕಟಣೆಗಳೆಲ್ಲ ಸುಳ್ಳು ಎನ್ನುತ್ತಾಳೆ ನನ್ನ ಗೆಳತಿ. ಪ್ರಚಾರವನ್ನು ಸರಿಯಾಗಿ ನಿಭಾಯಿಸಿದ್ದರೆ ಸೈಮನ್ ವಿರುದ್ಧ ಅಷ್ಟು ದೊಡ್ಡ ಬಹಿಷ್ಕಾರ ಆಗುತ್ತಿರಲಿಲ್ಲ ಎಂದು ಒಂದು ಲೇಖನದಲ್ಲಿ ಓದಿದೆ. ಯಾವುದನ್ನು ನಂಬಲಿ? ಸರ್ಕಾರಿ ಪ್ರಕಟಣೆಯನ್ನು ಆಧಾರವಾಗಿ ಬಳಸಬಹುದೇ?

ಉತ್ತರ: ಮೊದಲು ನಿಮ್ಮ ಅಜ್ಜಿಯ ಮಾತು. ಅದು ನಿಜ. 1927ರ ಅಕ್ಟೋಬರ್ ಕೊನೆಯಲ್ಲಿ ಗಾಂಧೀಜಿ ಮಂಗಳೂರಿನಲ್ಲಿದ್ದರು. ಆ ವರ್ಷ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ ಪಡೆದು, ಸುಧಾರಿಸಿಕೊಂಡ ಮೇಲೆ ಖಾದಿಗಾಗಿ ದಕ್ಷಿಣದ ಊರುಗಳನ್ನು ಸುತ್ತುತ್ತಿದ್ದರು. ಆಗ ವೈಸರಾಯ್ ಲಾರ್ಡ್ ಇರ್ವಿನ್ ಅವರಿಂದ ಕರೆ ಬಂತು. ಗಾಂಧೀಜಿ ಪ್ರವಾಸ ನಿಲ್ಲಿಸಿ ಹೊರಟರು. ಆಗ ಕೊಂಕಣ ರೈಲು ಇರಲಿಲ್ಲ. ದೆಹಲಿ ಅಂದರೆ 1,250 ಮೈಲಿ ದೂರ.

ನವೆಂಬರ್ ಮೊದಲ ವಾರ ಅವರು ಮತ್ತು ಇನ್ನೂ ಕೆಲವು ಮುಖಂಡರು ಇರ್ವಿನ್ ಅವರನ್ನು ಕಂಡರು. ವೈಸರಾಯ್ ಒಂದು ಕಾಗದ ಕೊಟ್ಟರು. ಭಾರತದ ಮುಂದಿನ ಆಡಳಿತ ಹೇಗಿರಬೇಕೆಂದು ಪರಿಶೀಲಿಸಲು ಸರ್ ಜಾನ್ ಸೈಮನ್ ನೇತೃತ್ವದ ಆಯೋಗ ಭಾರತಕ್ಕೆ ಬರುತ್ತದೆ ಎಂದು ಅದರಲ್ಲಿತ್ತು. ಕರೆಸಿದ್ದು ಇಷ್ಟಕ್ಕೇನಾ ಎಂದು ಗಾಂಧೀಜಿ ಕೇಳಿದರು. ಹೌದು ಎಂಬ ಉತ್ತರ ಬಂತು. ಇದಕ್ಕೆ ಒಂದಾಣೆಯ ಲಕೋಟೆ ಸಾಕಿತ್ತಲ್ಲ ಎಂದು ಗಾಂಧೀಜಿ ಹೇಳಿದ್ದು ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ನವೆಂಬರ್ 8ರಂದು ಸುದ್ದಿ ಎಲ್ಲರಿಗೂ ಗೊತ್ತಾಯಿತು. ಅಂದರೆ ಅಷ್ಟು ದೂರ ಹೋದ ಗಾಂಧೀಜಿಗೆ ಪತ್ರಿಕೆ ಓದುಗನಿಗಿಂತ ಕೆಲವೇ ದಿನ ಮುಂಚೆ ವಿಷಯ ತಿಳಿಯಿತು, ಅಷ್ಟೇ.

ಇರ್ವಿನ್ ಅವಮಾನ ಮಾಡಬೇಕೆಂದೇ ಹೀಗೆ ಮಾಡಿದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಕಡೆಯಿಂದ ನೋಡಿದರೆ ಇದು ಮರ್ಯಾದೆಯೇ. ದೊಡ್ಡ ಮುಖಂಡರು ಇಂಥ ವಿಷಯವನ್ನು ಪತ್ರಿಕೆಯಲ್ಲಿ ಓದಿ ತಿಳಿಯಬಾರದು, ತಾನೇ ಖುದ್ದಾಗಿ ಹೇಳಬೇಕು ಎಂಬ ಲೆಕ್ಕ ಅದು. ಆದರೆ ತಿಳಿಸುವುದು ಬೇರೆ, ಕೇಳುವುದು ಬೇರೆ ಅಲ್ವಾ? ತೀರ್ಮಾನ ಆಗಿಹೋಗಿತ್ತು, ಕಾಗದ ಅಚ್ಚಿಗೆ ಸಿದ್ಧವಾಗಿತ್ತು. ಬಂದವರಿಗೆ ಅದರಲ್ಲಿ ಒಂದು ಪದ ಬದಲಿಸುವ ಅವಕಾಶವೂ ಇರಲಿಲ್ಲ. ನಿಮ್ಮ ಪ್ರಬಂಧಕ್ಕೆ ನಿಜವಾದ ವಿಷಯ ಇಲ್ಲಿದೆ. ವಸಾಹತು ಸರ್ಕಾರದ ಪ್ರಕಟಣೆಗಳನ್ನು ಓದುವಾಗ ಒಳಗೆ ಏನು ಬರೆದಿದೆ ಎಂಬುದರ ಜೊತೆಗೆ, ಯಾರಿಗೆ ಮೊದಲು ಹೇಳಿದರು, ಯಾರಿಗೆ ಆಮೇಲೆ ಹೇಳಿದರು, ಯಾರು ಪತ್ರಿಕೆಯಿಂದಲೇ ತಿಳಿಯಲಿ ಎಂದು ಬಿಟ್ಟರು ಎಂದು ನೋಡಬೇಕು. ಹಳೆಯ ಕಡತಗಳ ನಡುವೆ ಮೂವತ್ತು ವರ್ಷ ಕೆಲಸ ಮಾಡಿದ್ದೇನೆ. ಈ ಸರದಿಯ ವಿಚಾರಕ್ಕೆ ಅಧಿಕಾರಿಗಳು ಎಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರು ಎಂದು ಟಿಪ್ಪಣಿ ಹಾಳೆಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಅವರ ಕಷ್ಟವೂ ಸಣ್ಣದಲ್ಲ. ಇಂಥ ದೊಡ್ಡ ವಿಷಯ ಮೊದಲು ಬ್ರಿಟಿಷ್ ಸಂಸತ್ತಿಗೆ ಗೊತ್ತಾಗಬೇಕು, ಇಲ್ಲದಿದ್ದರೆ ಅಲ್ಲಿ ಗಲಾಟೆ. ಹಾಗೆಂದು ಇಲ್ಲಿ ತಡ ಮಾಡುವಂತೆಯೂ ಇಲ್ಲ. ಲಂಡನ್ನಿನ ಸುದ್ದಿ ರಾಯ್ಟರ್ ಸುದ್ದಿಸಂಸ್ಥೆಯ ತಂತಿಯಲ್ಲಿ ಮುಂಬಯಿಗೆ ಬಂದುಬಿಡುತ್ತದೆ. ಲಂಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ ಆದಾಗ ದೆಹಲಿಯಲ್ಲಿ ರಾತ್ರಿ ಒಂಬತ್ತು. ಸಂಸತ್ತಿನಲ್ಲಿ ಪ್ರಧಾನಿ ಎದ್ದು ಮಾತಾಡುವ ಹೊತ್ತಿಗೆ ಇಲ್ಲಿ ಮಾರನೇ ದಿನದ ಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿರುತ್ತಾರೆ. ಹಾಗಾಗಿ ಪ್ರಕಟಣೆಯ ಪಠ್ಯ ಇಲ್ಲಿಗೆ ಮೊದಲೇ ಗುಪ್ತಲಿಪಿಯಲ್ಲಿ ಬಂದಿರಬೇಕು, ಪ್ರಾಂತ್ಯಗಳ ರಾಜಧಾನಿಗಳಿಗೂ ಹೋಗಿರಬೇಕು, ಆದರೆ ಇಂಥ ಹೊತ್ತಿಗೆ ಮುಂಚೆ ಯಾರೂ ಬಾಯಿ ಬಿಡಬಾರದು. ಗುಪ್ತಲಿಪಿ ಬಿಡಿಸುವ ಗುಮಾಸ್ತರು, ಬೆರಳಚ್ಚು ಮಾಡುವವರು, ಅಚ್ಚುಕೂಟದವರು, ಹೀಗೆ ಕೈ ಜಾಸ್ತಿ ಆದಷ್ಟೂ ಸೋರುವ ದಾರಿ ಜಾಸ್ತಿ.

ಈಗ ನಿಮ್ಮ ಗೆಳತಿಯ ಮಾತಿಗೆ ಬರೋಣ. ಪತ್ರಿಕೆಗಳು ಸರ್ಕಾರದ ಮುಷ್ಟಿಯಲ್ಲಿದ್ದವು ಎಂಬುದರಲ್ಲಿ ಅರ್ಧ ನಿಜವಿದೆ. ಆದರೆ ಯಾವ ವರ್ಷದ ಮಾತು ಎಂದು ಕೇಳಬೇಕು. 1878ರಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಮೇಲೆ ಕಠಿಣ ಕಾಯಿದೆ ತಂದರು. ಪತ್ರಿಕೆಗಳಿಗೆ ಸುದ್ದಿ ಹಂಚಲು ಪ್ರೆಸ್ ಕಮಿಷನರ್ ಎಂಬ ಹುದ್ದೆ ಇದ್ದದ್ದೂ ಅವರ ಕಾಲದಲ್ಲೇ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸುದ್ದಿ. ಅವರ ನಂತರ ಲಾರ್ಡ್ ರಿಪ್ಪನ್ ವೈಸರಾಯ್ ಆಗಿ ಬಂದ ಮೇಲೆ ಎರಡೂ ಹೋದವು. 1889ರಲ್ಲಿ ಕಲ್ಕತ್ತೆಯ ಅಮೃತ ಬಜಾರ್ ಪತ್ರಿಕೆ ಕಾಶ್ಮೀರದ ಬಗ್ಗೆ ಒಂದು ಗುಪ್ತ ದಾಖಲೆಯನ್ನೇ ಅಚ್ಚು ಹಾಕಿತು. ಅದೇ ವರ್ಷ ಸರ್ಕಾರಿ ರಹಸ್ಯ ಕಾಯಿದೆ ಬಂತು. 1910ರ ಪ್ರೆಸ್ ಕಾಯಿದೆ ಠೇವಣಿ ಕೇಳಿ, ಜಪ್ತಿ ಮಾಡಿ ಎಷ್ಟೋ ಅಚ್ಚುಕೂಟಗಳ ಕತ್ತು ಹಿಸುಕಿತು. ಆದರೆ ಅದು 1922ರಲ್ಲಿ ರದ್ದಾಯಿತು. ಮುಂದಿನ ಬಿಗಿ ಬಂದದ್ದು 1930ರ ಸುಗ್ರೀವಾಜ್ಞೆಯಿಂದ. ಸೈಮನ್ ಸುದ್ದಿ ಬಂದದ್ದು ಈ ಎರಡರ ನಡುವಿನ ಕಾಲದಲ್ಲಿ. ರಾಜದ್ರೋಹದ 124-ಎ ಕಲಂ ಇತ್ತು, 1923ರ ಹೊಸ ರಹಸ್ಯ ಕಾಯಿದೆ ಇತ್ತು. ಆದರೂ ಬಾಂಬೆ ಕ್ರಾನಿಕಲ್, ದಿ ಹಿಂದೂ ಥರದ ಪತ್ರಿಕೆಗಳು ಆಯೋಗವನ್ನು ಬಹಿರಂಗವಾಗಿ ಟೀಕಿಸಿದವು. ಯಾರೂ ಅವುಗಳ ಬಾಯಿ ಕಟ್ಟಲಿಲ್ಲ.

ಮೈಸೂರು ಸಂಸ್ಥಾನದ ಕಥೆ ಬೇರೆ. ಅಲ್ಲಿ 1908ರಲ್ಲೇ ಸ್ವಂತ ಪತ್ರಿಕಾ ಕಾಯಿದೆ ಬಂದಿತ್ತು. ಅದನ್ನು ಪ್ರತಿಭಟಿಸಿ ತಾತಯ್ಯ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ನಿಮ್ಮ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. ಒಂದೇ ಸುದ್ದಿಯನ್ನು ಮೂರು ಕಡೆಯ ಕನ್ನಡ ಪತ್ರಿಕೆಗಳು ಮೂರು ಬೇರೆ ಕಟ್ಟುಪಾಡುಗಳ ಕೆಳಗೆ ಬರೆಯುತ್ತಿದ್ದವು. ಇದನ್ನು ಮರೆತು ‘ಕನ್ನಡ ಪತ್ರಿಕೆಗಳು ಹೀಗೆ ಬರೆದವು’ ಎಂದು ಒಟ್ಟಾಗಿ ಹೇಳಬೇಡಿ.

ಪ್ರಕಟಣೆಗಳೆಲ್ಲ ಸುಳ್ಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಸಿ ಸುಳ್ಳು ನಾನು ಕಂಡದ್ದು ಕಡಿಮೆ. ನಾಳೆ ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತೇವೆ ಎಂಬ ಭಯ ಅಧಿಕಾರಿಗಳಿಗಿತ್ತು. ಅವರು ಮಾಡುತ್ತಿದ್ದದ್ದು ಬಿಡುವುದು ಮತ್ತು ತಡ ಮಾಡುವುದು. ಸೈಮನ್ ಆಯೋಗದ ಏಳು ಸದಸ್ಯರೂ ಬ್ರಿಟಿಷ್ ಸಂಸತ್ತಿನವರು. ಕಾನೂನಿನ ಪ್ರಕಾರ ವರದಿ ಹೋಗಬೇಕಾದದ್ದು ಸಂಸತ್ತಿಗೆ, ಆದ್ದರಿಂದ ಸದಸ್ಯರೂ ಸಂಸತ್ತಿನವರೇ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಇದು ಸುಳ್ಳಲ್ಲ. ಆದರೆ 1919ರ ಕಾಯಿದೆಯ ಪ್ರಕಾರ ಹತ್ತು ವರ್ಷಕ್ಕೆ, ಅಂದರೆ 1929ಕ್ಕೆ ಬರಬೇಕಿದ್ದ ಆಯೋಗ ಎರಡು ವರ್ಷ ಮುಂಚೆಯೇ ಏಕೆ ಬಂತು? ಮುಂದಿನ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದರೆ ಸದಸ್ಯರನ್ನು ಆರಿಸುವ ಅಧಿಕಾರ ಅವರ ಕೈಗೆ ಹೋಗುತ್ತದೆ ಎಂಬ ಆತಂಕ ಲಂಡನ್ನಿನ ಸರ್ಕಾರದಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಭಾರತ ಮಂತ್ರಿ ಲಾರ್ಡ್ ಬರ್ಕನ್‌ಹೆಡ್ ಅವರಿಗಿತ್ತು. ಆ ಕಾರಣ ಯಾವ ಪ್ರಕಟಣೆಯಲ್ಲೂ ಬರುವಂಥದ್ದಲ್ಲ. ಅದು ಅವರ ಖಾಸಗಿ ಪತ್ರಗಳಲ್ಲಿ ಸಿಗುತ್ತದೆ.

ಇನ್ನು ಮೂರನೆಯ ಮಾತು. ಪ್ರಚಾರ ಸರಿಯಾಗಿದ್ದರೆ ಬಹಿಷ್ಕಾರ ಆಗುತ್ತಿರಲಿಲ್ಲವೇ? ಇದಕ್ಕೆ ಸರ್ಕಾರದ ಮುಂದಿದ್ದ ದಾರಿಗಳನ್ನು, ಅವುಗಳ ಅಪಾಯಗಳನ್ನು ನೋಡಬೇಕು. ಅದೃಷ್ಟಕ್ಕೆ ಬೇರೆ ಬೇರೆ ಭೇಟಿಗಳಲ್ಲಿ ಅವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ.

ಸಂಪೂರ್ಣ ಗುಟ್ಟು ಒಂದು ದಾರಿ. 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಬದಲಿಸುವುದಾಗಿ ಸಾರಿದರು. ದೊರೆ ಬರುವುದು ಎಲ್ಲರಿಗೂ ಗೊತ್ತಿತ್ತು, ಬಂದು ಏನು ಹೇಳುತ್ತಾರೆ ಎಂದು ಮಾತ್ರ ಗೊತ್ತಿರಲಿಲ್ಲ. ಭಾರತದಲ್ಲಿ ವಿಷಯ ತಿಳಿದಿದ್ದವರು ಬೆರಳೆಣಿಕೆಯಷ್ಟು ಜನ. ಗೆಜೆಟ್ ಅಚ್ಚು ಮಾಡಲು ದೆಹಲಿಯಲ್ಲೇ ಬೇರೆ ಬಿಡಾರ ಹಾಕಿದರು. ಕಾರ್ಯದರ್ಶಿಗಳು, ಅಚ್ಚಿನವರು, ಆಳುಗಳು ಎಲ್ಲರೂ ಅದರೊಳಗೇ ಊಟ, ಅದರೊಳಗೇ ನಿದ್ದೆ. ಸುತ್ತ ಸೈನಿಕರು, ಪೊಲೀಸರು. ಘೋಷಣೆ ಮುಗಿಯುವವರೆಗೆ ಯಾರೂ ಹೊರಗೆ ಬರುವಂತಿಲ್ಲ. ಗುಟ್ಟು ಉಳಿಯಿತು. ಆದರೆ ಆ ಗುಟ್ಟು ಉಳಿದದ್ದು ಅದಕ್ಕೆ ಬೇರೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ ಎಂಬ ಕಾರಣಕ್ಕೆ. ಸೈಮನ್ ಆಯೋಗಕ್ಕೆ ಸಾಕ್ಷಿ ಹೇಳುವ ಭಾರತೀಯರು ಬೇಕಿತ್ತು. ಬಾಗಿಲು ಹಾಕಿಕೊಂಡು ಸಾಕ್ಷಿ ಕರೆಯಲಾಗುತ್ತದೆಯೇ?

ಅದಕ್ಕೆ ಪೂರಾ ಎದುರು, ತಿಂಗಳುಗಟ್ಟಲೆ ಮೊದಲೇ ಸಾರುವುದು. ರಾಜಮನೆತನದ ಭೇಟಿಗಳಿಗೆ ಇದು ಅನಿವಾರ್ಯ. ಕಮಾನು ಕಟ್ಟಬೇಕು, ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು, ರಸ್ತೆ ತುಂಬ ಜನ ಬೇಕು. 1906ರ ಫೆಬ್ರವರಿ 5ರಂದು ಬೆಂಗಳೂರಿನ ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಪ್ರತಿಮೆಯನ್ನು ಅಂದಿನ ವೇಲ್ಸ್ ರಾಜಕುಮಾರರು ತೆರೆದದ್ದು ಇಂಥ ಪ್ರವಾಸದಲ್ಲೇ. ಆಗ ತೊಂದರೆಯಾಗಲಿಲ್ಲ. ಆದರೆ 1921ರಲ್ಲಿ ಅವರ ಮಗ ಎಡ್ವರ್ಡ್ ಬರುವ ಹೊತ್ತಿಗೆ ದೇಶ ಬದಲಾಗಿತ್ತು. ಮೊದಲೇ ತಿಳಿದಿದ್ದರಿಂದ ಜುಲೈ ಕೊನೆಯಲ್ಲೇ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ಬಹಿಷ್ಕಾರದ ನಿರ್ಣಯ ಮಾಡಿತು. ರಾಜಕುಮಾರ ಮುಂಬಯಿಯಲ್ಲಿ ಇಳಿದದ್ದು ನವೆಂಬರ್ 17ರಂದು. ಮೂರೂವರೆ ತಿಂಗಳ ಸಮಯ ಸಿಕ್ಕಿತು ನೋಡಿ. ಹರತಾಳ ಆಯಿತು. ಜೊತೆಗೆ ಘೋರ ಗಲಭೆಯೂ ಆಗಿ ಹಲವು ಜನ ಸತ್ತರು. ಗಾಂಧೀಜಿ ನೊಂದು ಉಪವಾಸ ಕೂತರು. ಅಲ್ಲಿಂದ ಮುಂದೆ ಪ್ರತಿ ಊರಿನ ಕಾರ್ಯಕ್ರಮವೂ ಸರ್ಕಾರಕ್ಕೆ ತಲೆನೋವು. ಹಿಂದೆ ಸರಿದರೆ ಹೆದರಿದರು ಎನ್ನುತ್ತಾರೆ, ಮುಂದುವರಿದರೆ ಖಾಲಿ ಬೀದಿ ಕಾಣುತ್ತದೆ. ಡಿಸೆಂಬರ್ 24ರಂದು ರಾಜಕುಮಾರ ಕಲ್ಕತ್ತೆಗೆ ಹೋಗುವ ಮುನ್ನ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಅವರಂಥವರನ್ನು ಬಂಧಿಸಿದರು. ಆದರೂ ಕಲ್ಕತ್ತೆಯಲ್ಲಿ ಹರತಾಳ ತಪ್ಪಲಿಲ್ಲ.

ಈ ಎರಡು ಅನುಭವಗಳ ನಡುವೆ ನಿಂತು 1927ರ ದಾರಿಯನ್ನು ನೋಡಿ. ಆಯ್ದ ಕೆಲವರಿಗೆ ಕೊನೇ ಗಳಿಗೆಯಲ್ಲಿ ಹೇಳುವುದು, ಬೆನ್ನಿಗೇ ಎಲ್ಲರಿಗೂ ಪ್ರಕಟಿಸುವುದು. ಸಂಘಟನೆಗೆ ಸಮಯ ಕೊಡಬಾರದು, ಸುದ್ದಿ ಸೋರಿ ಮುಜುಗರವೂ ಆಗಬಾರದು. ಲೆಕ್ಕ ಮೇಲ್ನೋಟಕ್ಕೆ ಸರಿ. ಆದರೆ ಇದರ ಅಪಾಯ ಇರುವುದು ಆ ಆಯ್ದ ಕೆಲವರಲ್ಲೇ. ವಿಷಯ ಮೊದಲೇ ತಿಳಿದಿತ್ತು, ಆದರೂ ನಮ್ಮ ಮಾತಿಗೆ ಬೆಲೆ ಇರಲಿಲ್ಲ ಎಂಬ ನೋವು ಅವರಿಗೆ ಉಳಿಯುತ್ತದೆ. ಕರೆಯದೇ ಇದ್ದಿದ್ದರೆ ಅಷ್ಟು ಉಳಿಯುತ್ತಿತ್ತೋ ಇಲ್ಲವೋ. ಜೊತೆಗೆ ಆಯೋಗ ಬಂದಿಳಿದದ್ದು 1928ರ ಫೆಬ್ರವರಿ 3ರಂದು. ಪ್ರಕಟಣೆಯ ನಂತರ ಮೂರು ತಿಂಗಳು ಖಾಲಿ ಬಿದ್ದಿತ್ತು. ಡಿಸೆಂಬರಿನ ಮದ್ರಾಸ್ ಕಾಂಗ್ರೆಸ್ ಅಧಿವೇಶನ ಆ ಸಮಯವನ್ನು ಪೂರ್ತಿ ಬಳಸಿಕೊಂಡಿತು. ಸೈಮನ್ ಇಳಿಯುವ ದಿನ ದೇಶವ್ಯಾಪಿ ಹರತಾಳ. ಬಂದ ಮೂರು ದಿನಕ್ಕೆ ಸೈಮನ್ ವೈಸರಾಯ್‌ಗೆ ಪತ್ರ ಬರೆದು, ಭಾರತೀಯ ಶಾಸಕರ ಸಮಿತಿಯ ಜೊತೆ ಕೂತು ಕೆಲಸ ಮಾಡುತ್ತೇವೆ ಎಂದು ಹೇಳಿ, ಅದನ್ನು ಪ್ರಕಟಿಸಿದರು. ಆ ಮಾತು ನವೆಂಬರ್ ಮೊದಲೇ, ಮುಖಂಡರನ್ನು ಕೇಳಿ ಬಂದಿದ್ದರೆ ಸ್ವಲ್ಪ ತೂಕ ಇರುತ್ತಿತ್ತು. ಫೆಬ್ರವರಿಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಹಾಗಾದರೆ ಆ ಲೇಖನ ಹೇಳಿದ್ದೇ ಸರಿ ಅಂತೀರಾ? ಇಲ್ಲ. ತಿಳಿಸಿದ ರೀತಿ ಕೋಪ ಹೆಚ್ಚಿಸಿತು, ಅಷ್ಟು ಒಪ್ಪುತ್ತೇನೆ. ಕೋಪದ ಮೂಲ ಬೇರೆ. ಭಾರತದ ಮುಂದಿನ ಆಡಳಿತ ಹೇಗಿರಬೇಕು ಎಂದು ನಿರ್ಧರಿಸುವ ಏಳು ಜನರಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಕಾಂಗ್ರೆಸ್ಸನ್ನು ಅಷ್ಟಾಗಿ ಒಪ್ಪದ ತೇಜ್ ಬಹಾದುರ್ ಸಪ್ರು ಅವರಂಥ ಉದಾರವಾದಿಗಳೂ, ಜಿನ್ನಾ ಅವರ ಜೊತೆಗಿದ್ದ ಮುಸ್ಲಿಂ ಲೀಗಿನವರೂ ದೂರ ನಿಂತದ್ದು ಇದೇ ಕಾರಣಕ್ಕೆ. ಎಷ್ಟು ಚೆನ್ನಾಗಿ ಅಚ್ಚು ಹಾಕಿಸಿದರೂ ಆ ಪಟ್ಟಿಯ ಏಳು ಹೆಸರು ಬದಲಾಗುತ್ತಿರಲಿಲ್ಲ. ಆಯೋಗದ ಲಾರ್ಡ್ ಬರ್ನ್‌ಹ್ಯಾಮ್ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಮಾಲೀಕರ ಮನೆತನದವರೇ. ಪತ್ರಿಕಾ ಪ್ರಪಂಚ ಗೊತ್ತಿದ್ದವರು ಒಳಗೇ ಇದ್ದರೂ ಪ್ರಯೋಜನವಾಗಲಿಲ್ಲ.

ಇರ್ವಿನ್ ಅವರೇ ಎರಡು ವರ್ಷದ ನಂತರ ಮಾಡಿದ್ದನ್ನು ಪಕ್ಕದಲ್ಲಿಟ್ಟು ನೋಡಿ. 1929ರ ಅಕ್ಟೋಬರ್ 31ರಂದು ಅವರು ಇನ್ನೊಂದು ಹೇಳಿಕೆ ಹೊರಡಿಸಿದರು. ಭಾರತಕ್ಕೆ ಡೊಮಿನಿಯನ್ ಸ್ಥಾನವೇ, ಅಂದರೆ ಬ್ರಿಟಿಷ್ ಸಾಮ್ರಾಜ್ಯದೊಳಗಿದ್ದುಕೊಂಡೇ ಸ್ವಯಮಾಡಳಿತವೇ ಗುರಿ, ದುಂಡುಮೇಜಿನ ಪರಿಷತ್ತು ಕರೆಯುತ್ತೇವೆ ಎಂದು. ಗಾಂಧೀಜಿ ಸೇರಿದಂತೆ ಮುಖಂಡರು ಎರಡೇ ದಿನದಲ್ಲಿ, ಷರತ್ತು ಹಾಕಿಯಾದರೂ, ಸ್ವಾಗತಿಸಿ ಹೇಳಿಕೆ ಕೊಟ್ಟರು. ವೈಸರಾಯ್ ಅದೇ ಇರ್ವಿನ್, ಸರ್ಕಾರಿ ಕಾಗದದ ಭಾಷೆಯೂ ಅದೇ, ಒಳಗಿನ ಮಾತು ಮಾತ್ರ ಬೇರೆ. ಆಮೇಲೆ ಲಂಡನ್ನಿನಲ್ಲಿ ಆ ಮಾತಿಗೇ ವಿರೋಧ ಎದ್ದು ಎಲ್ಲ ಮಂಕಾಯಿತು, ಅದು ಬೇರೆ ಕಥೆ.

ಕೊನೆಗೆ ಮುಕ್ತವಾಗಿ ಮಾತಾಡುವ ದಾರಿಯನ್ನೂ ಹಿಡಿದು ನೋಡಿದರು. 1942ರ ಮಾರ್ಚ್ 11ರಂದು ಬ್ರಿಟಿಷ್ ಮಂತ್ರಿ ಸ್ಟ್ಯಾಫರ್ಡ್ ಕ್ರಿಪ್ಸ್ ಭಾರತಕ್ಕೆ ಹೋಗುತ್ತಾರೆ ಎಂದು ಚರ್ಚಿಲ್ ಸಂಸತ್ತಿನಲ್ಲಿ ಹೇಳಿದರು. ಆದರೆ ಏನು ಕೊಡುತ್ತಾರೆ ಎಂದು ಹೇಳಲಿಲ್ಲ. ಕ್ರಿಪ್ಸ್ ದೆಹಲಿಗೆ ಬಂದು ಮುಖಂಡರಿಗೆ ಕರಡು ತೋರಿಸಿದರು, ಮಾತಾಡಿದರು, ಮಾರ್ಚ್ 29ರಂದು ಪತ್ರಕರ್ತರ ಮುಂದೆ ಕೂತು ಕರಡು ಓದಿ, ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇರ್ವಿನ್ ಕೊಟ್ಟ ಮುಚ್ಚಿದ ಕಾಗದಕ್ಕೂ ಇದಕ್ಕೂ ಎಷ್ಟು ದೂರ! ಇದರ ಅಪಾಯ ಏನೆಂದರೆ, ಪ್ರಶ್ನೋತ್ತರದಲ್ಲಿ ಆಡಿದ ಒಂದೊಂದು ಮಾತೂ ಭರವಸೆಯಾಗುತ್ತದೆ. ರಕ್ಷಣಾ ಖಾತೆ ಯಾರ ಕೈಗೆ, ಹೊಸ ಕಾರ್ಯಕಾರಿ ಮಂಡಳಿ ಮಂತ್ರಿಮಂಡಲದ ಹಾಗೆ ನಡೆಯುತ್ತದೆಯೇ ಎಂಬಲ್ಲಿ ಬಂದು ಮಾತುಕತೆ ಮುರಿಯಿತು. ಏಪ್ರಿಲ್ 12ಕ್ಕೆ ಅವರು ಹೊರಟೇಹೋದರು.

ಈಗ ನಿಮ್ಮ ಕೆಲಸದ ಪ್ರಶ್ನೆ. ಪ್ರಕಟಣೆಯನ್ನು ಆಧಾರವಾಗಿ ಬಳಸಿ, ಆದರೆ ಅದು ಯಾವುದಕ್ಕೆ ಆಧಾರ ಎಂದು ತಿಳಿದು ಬಳಸಿ. ಸರ್ಕಾರ ಯಾವ ದಿನ, ಯಾವ ಪದಗಳಲ್ಲಿ, ತಾನು ಹೇಗೆ ಕಾಣಬೇಕೆಂದು ಬಯಸಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಡೆದದ್ದಕ್ಕೆ ಅದೊಂದೇ ಸಾಲದು. ಒಮ್ಮೆ ನಾನೂ ಅಚ್ಚಾದ ಪ್ರವಾಸ ಪಟ್ಟಿಯೊಂದನ್ನು ನಂಬಿ, ಒಬ್ಬ ದೊಡ್ಡ ಅಧಿಕಾರಿ ಇಂಥ ಊರಿನಲ್ಲಿ ಎರಡು ದಿನ ಇದ್ದರು ಎಂದು ಬರೆದಿದ್ದೆ. ಆಮೇಲೆ ಕಡತದಲ್ಲಿ ನೋಡಿದರೆ ಆ ಭೇಟಿ ಕೊನೆಯಲ್ಲಿ ರದ್ದಾಗಿತ್ತು. ರದ್ದಾದದ್ದನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ.

ಕಾಗದ ಕೈಗೆ ಬಂದಾಗ ಅದು ಯಾವ ಜಾತಿಯದು ಎಂದು ಮೊದಲು ನೋಡಿ. ಕಮ್ಯುನಿಕೆ ಅಂದರೆ ಇಲಾಖೆಯ ಹೆಸರು, ಊರು, ತಾರೀಕು ಇರುವ ಔಪಚಾರಿಕ ಹೇಳಿಕೆ. ಪತ್ರಿಕೆಗಳು ಅದನ್ನು ಇದ್ದ ಹಾಗೇ ಹಾಕಬೇಕೆಂಬ ನಿರೀಕ್ಷೆ. ಪ್ರೆಸ್ ನೋಟ್ ಅಷ್ಟು ಬಿಗಿಯಲ್ಲ, ಸಂಪಾದಕರು ಕತ್ತರಿಸಬಹುದು. ಸುಮ್ನೆ ಮಾತಿನಲ್ಲಿ ಕೊಟ್ಟ ಸುಳಿವು ಇನ್ನೂ ಸಡಿಲ. ಅದು ಪತ್ರಿಕೆಯಲ್ಲಿ ‘ತಿಳಿದುಬಂದಿದೆ’ ಎಂದು ಕಾಣಿಸುತ್ತದೆ. ಆ ಪದ ಕಂಡಲ್ಲಿ ಯಾರಿಂದ ತಿಳಿದುಬಂತು ಎಂದು ಹುಡುಕಿ.

ಕಡತಕ್ಕೆ ಹೋಗುವುದಾದರೆ ಗೃಹ ಇಲಾಖೆಯ ರಾಜಕೀಯ ಶಾಖೆಯಿಂದ ಶುರು ಮಾಡಿ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಎಷ್ಟೋ ಕಡತಗಳು ಮನೆಯಲ್ಲೇ ಓದಲು ಸಿಗುತ್ತವೆ. ಅಂತಿಮ ಪ್ರತಿಗಿಂತ ಟಿಪ್ಪಣಿ ಹಾಳೆ ಮುಖ್ಯ. ಒಬ್ಬ ಅಧಿಕಾರಿ ಬರೆದ ವಾಕ್ಯವನ್ನು ಮೇಲಿನವರು ಹೊಡೆದುಹಾಕಿ ಬರೆದ ಷರಾ ಅಲ್ಲಿರುತ್ತದೆ. ಡಿ.ಓ. ಪತ್ರಗಳನ್ನು, ಅಂದರೆ ಅಧಿಕಾರಿಗಳು ಒಬ್ಬರಿಗೊಬ್ಬರು ಹೆಸರು ಹಿಡಿದು ಬರೆದ ಅರೆ-ಸರ್ಕಾರಿ ಪತ್ರಗಳನ್ನು ಬಿಡಬೇಡಿ. ಇದರ ಅಪಾಯವೂ ಇದೆ. ಕಡತದಲ್ಲೇ ಮುಳುಗಿದರೆ ನಿಮಗೆ ಗೊತ್ತಿಲ್ಲದೆ ನೀವೂ ಆ ಅಧಿಕಾರಿಯ ಕಣ್ಣಿನಿಂದ ನೋಡಲು ಶುರು ಮಾಡುತ್ತೀರಿ. ಬಹಿಷ್ಕಾರ ನಿಮಗೂ ಒಂದು ‘ತೊಂದರೆ’ಯಾಗಿ ಕಾಣತೊಡಗುತ್ತದೆ. ಹಾಗಾಗಿ ಜೊತೆಜೊತೆಗೇ ಪತ್ರಿಕೆ ಓದಿ. ಮೂಲ ಕನ್ನಡ ಪತ್ರಿಕೆ ಸಿಗದಿದ್ದರೆ, ಮದ್ರಾಸ್ ಮತ್ತು ಮುಂಬಯಿ ಸರ್ಕಾರಗಳು ದೇಶಭಾಷಾ ಪತ್ರಿಕೆಗಳ ಸಾರಾಂಶ ಮಾಡಿಸುತ್ತಿದ್ದ ಗುಪ್ತ ವರದಿಗಳಿವೆ. ಅವುಗಳಲ್ಲಿ ಕನ್ನಡ ಪತ್ರಿಕೆಗಳೂ ಸೇರಿವೆ. ಆದರೆ ಅದು ಸರ್ಕಾರದ ಅನುವಾದಕ ಆರಿಸಿಕೊಂಡದ್ದು, ಮುಖ್ಯವಾಗಿ ಸರ್ಕಾರಕ್ಕೆ ಚುಚ್ಚುವ ಮಾತುಗಳು. ಪತ್ರಿಕೆ ಪೂರಾ ಹಾಗೇ ಇತ್ತು ಎಂದುಕೊಳ್ಳಬೇಡಿ.

ಅಜ್ಜಿಯ ಮಾತನ್ನೂ ಬರೆದಿಡಿ. ಅವರು ಯಾವಾಗ, ಯಾರಿಂದ ಕೇಳಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಸೇರಿಸಿ. ಆ ದಿನಗಳ ತಂತಿ ಸಂದೇಶ ಯಾವುದಾದರೂ ಕಡತದಲ್ಲಿ ಸಿಕ್ಕರೆ ಎರಡು ತಾರೀಕು, ಎರಡು ಹೊತ್ತು ನೋಡಿ. ಕಳಿಸಿದ್ದು ಒಂದು, ತಲುಪಿದ್ದು ಇನ್ನೊಂದು. ಅದರ ಪಕ್ಕದಲ್ಲಿ ಅದೇ ಸುದ್ದಿ ಪತ್ರಿಕೆಯಲ್ಲಿ ಬಂದ ತಾರೀಕು ಬರೆದುಕೊಳ್ಳಿ. ಮೂರನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಇಟ್ಟುಕೊಂಡು ಪ್ರಬಂಧ ಶುರು ಮಾಡಿ.